ಬಸಮ್ಮನ ತೋಟ ತಿರುಗಿದ್ದು

ಕೊನೆಯ ಗೆರೆ ಮೊದಲ ಗೆರೆ ಹೊರಟ ಕಲ್ಲಿಗೇ ವಾಪಸು ಬಂದು ಕೂತಾಗ ನಾನು ಕುರ್ಚಿಯಿಂದ ಎದ್ದು ಕುಣಿದೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಕುಣಿದೆ. ಅರಸೀಕೆರೆಯಲ್ಲಿ ನನ್ನ ಆಫೀಸು ಇರುವುದು ಒಂದು ಕೊಬ್ಬರಿ ಮಂಡಿಯ ಮೇಲಿನ ರೂಮಿನಲ್ಲಿ. ಕೆಳಗೆ ಮೂಟೆ ಹೊರುತ್ತಿದ್ದವರು ತಲೆಯೆತ್ತಿ ಸೂರು ನೋಡಿದರಂತೆ.

"ಏನೇ ಅದು?" ಎಂದರು ಅಪ್ಪ. ನಮ್ಮಪ್ಪ ದ್ಯಾವಯ್ಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಮನೆಯಲ್ಲಿ ಕೂತರೆ ಅಮ್ಮ ಕೆಲಸ ಹೇಳುತ್ತಾಳೆಂದು ದಿನಾ ನನ್ನ ಆಫೀಸಿಗೆ ಬಂದು ಪೇಪರ್ ಓದುತ್ತಾರೆ.

"ಕೂಡ್ತು ಅಪ್ಪಾ! ಬಸಮ್ಮಜ್ಜಿ ತೋಟ ಕೂಡ್ತು!"

ಕೂಡುವುದೆಂದರೆ ಇಷ್ಟೇ. ಜಮೀನಿನ ಸುತ್ತ ಐದು ಬಾಂದುಕಲ್ಲು ಇವೆ ಎನ್ನಿ. ಮೊದಲನೆಯ ಕಲ್ಲಿನಿಂದ ಎರಡನೆಯದಕ್ಕೆ ಎಷ್ಟು ದೂರ, ಉತ್ತರದಿಂದ ಬಲಕ್ಕೆ ಎಷ್ಟು ಡಿಗ್ರಿ ತಿರುಗಿ ನಡೆಯಬೇಕು. ಅಲ್ಲಿಂದ ಮೂರನೆಯದಕ್ಕೆ ಎಷ್ಟು. ಹೀಗೇ ಸುತ್ತಿಕೊಂಡು ಮತ್ತೆ ಮೊದಲನೆಯದಕ್ಕೆ. ಈ ದೂರವನ್ನೂ ದಿಕ್ಕನ್ನೂ ಸಾಲಾಗಿ ಕೊಟ್ಟರೆ ಕಂಪ್ಯೂಟರು ಗೆರೆ ಎಳೆಯುತ್ತ ಹೋಗುತ್ತದೆ. ಎಲ್ಲಾದರೂ ಒಂದು ಕಡೆ ತಪ್ಪಿದ್ದರೆ ಕೊನೆಯ ಗೆರೆ ಬೇಲಿ ಹಾರಿದ ಹೋರಿಯ ಹಾಗೆ ಯಾರದೋ ಹೊಲದಲ್ಲಿ ಹೋಗಿ ನಿಲ್ಲುತ್ತದೆ. ಎಲ್ಲ ಸರಿಯಿದ್ದರೆ ಹೊರಟಲ್ಲಿಗೇ ಬರುತ್ತದೆ. ನನ್ನದು ಬಂದಿತ್ತು. ಒಂದು ಮೊಳವೂ ವ್ಯತ್ಯಾಸವಿಲ್ಲ. ವಿಸ್ತೀರ್ಣವೂ ಪಹಣಿಯಲ್ಲಿ ಇದ್ದಷ್ಟೇ.

"ಇನ್ನೊಂದ್ಸಲ ನೋಡು," ಎಂದರು ಅಪ್ಪ.

"ಕಂಪ್ಯೂಟರೇ ಸರಿ ಅಂತಿದೆ. ನೀವು ಪೇಪರ್ ಓದಿ ಮೇಷ್ಟ್ರೇ."

ಕೊಬ್ಬು ಅನ್ನಿ, ಅನ್ನಿಸಿಕೊಳ್ಳುತ್ತೇನೆ. ಅಲ್ಲಿಯವರೆಗೆ ನಾನು ಬೇರೆಯವರು ಅಳೆದು ತಂದದ್ದಕ್ಕೆ ಗೆರೆ ಎಳೆದುಕೊಡುತ್ತಿದ್ದೆ. ನಕ್ಷೆಯ ಕೆಳಗೆ ಅವರ ಹೆಸರಿರುತ್ತಿತ್ತು. ಇದು ನಾನೇ ಅಳೆದು, ನನ್ನ ಹೆಸರು ಹಾಕಿದ ಮೊದಲ ನಕ್ಷೆ. ನಮ್ಮ ಕಡೆ ಜಮೀನಿನ ಕೆಲಸಕ್ಕೆ ಬಂದವರು ಮೊದಲು ಕೇಳುವುದು ಜಮೀನಿನ ಮಾತಲ್ಲ, 'ನೀನು ಯಾರ ಮಗಳು?' ಎಂದು. ಆ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಮಡಚಿ ಇಟ್ಟಿರುತ್ತದೆ. ಕೇಳುವವರಿಗೂ ಗೊತ್ತು, ನನಗೂ ಗೊತ್ತು. ಉತ್ತರ ಕೇಳಿದ ಮೇಲೆ ಕೊಟ್ಟ ನೀರು ಮುಟ್ಟದೆ ಎದ್ದುಹೋದವರೂ ಇದ್ದಾರೆ. ಹಾಗಾಗಿ ಮೊದಲ ನಕ್ಷೆಯಲ್ಲಿ ಎಲ್ಲಾದರೂ ಎಡವಟ್ಟಾದರೆ ಜನ ನಕ್ಷೆಯನ್ನು ಬೈಯುವುದಿಲ್ಲ. ನನ್ನನ್ನೂ ಅಪ್ಪನನ್ನೂ ಸೇರಿಸಿ ಬೈಯುತ್ತಾರೆ. ಅದಕ್ಕೆ ಅವಕಾಶ ಕೊಡಬಾರದು ಎಂಬುದೊಂದೇ ನನ್ನ ಹಟ.

ಬಸಮ್ಮಜ್ಜಿಯೂ ಕೇಳಿದ್ದಳು. ಹಳೇಬೀಡಿನ ಪಕ್ಕದ ಹುಲಿಕೆರೆಯಿಂದ ಬಸ್ಸು ಬದಲಾಯಿಸಿಕೊಂಡು ಬಂದವಳು, ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ "ಯಾರ ಮಗಳವ್ವ ನೀನು?" ಎಂದಳು.

"ದ್ಯಾವಯ್ಯ ಮೇಷ್ಟ್ರ ಮಗಳು, ಹಾರನಹಳ್ಳಿ. ನಕ್ಷೇಲಿ ಅದನ್ನೂ ಹಾಕ್ಬೇಕಾ?"

ಅಜ್ಜಿ ಸೆರಗಿನಿಂದ ಬೆವರು ಒರೆಸಿಕೊಂಡಳು. "ನಾಲಿಗೆ ಚುರುಕಾಗೈತೆ. ಕೆಲ್ಸಾನೂ ಹಂಗೇ ಮಾಡ್ತೀಯಾ?"

"ಮಾಡ್ತೀನಿ."

"ಹಂಗಾದ್ರೆ ಒಂದು ಲೋಟ ನೀರು ಕೊಡು, ಗಂಟಲು ಒಣಗೈತೆ," ಎಂದು ಕೂತಳು. ಪೂರ್ತಿ ಕುಡಿದು ಇನ್ನೊಂದು ಲೋಟ ಕೇಳಿದಳು. ನನ್ನ ಸಿಟ್ಟು ಅಲ್ಲಿಗೆ ಇಳಿದುಹೋಯಿತು.

ಅವಳ ದೂರು ಮೈದುನ ಕಲ್ಲೇಶಪ್ಪನ ಮೇಲೆ. ಅಜ್ಜಿಯ ಗಂಡ ತೀರಿಕೊಂಡ ಮೇಲೆ ಆಸ್ತಿ ಪಾಲಾಯಿತು: ರಸ್ತೆ ಬದಿಯ ಕಲ್ಲಿನ ಈಚೆಗೆ ಅಜ್ಜಿಯ ತೆಂಗಿನ ತೋಟ, ಆಚೆಗೆ ಮೈದುನನ ಜಮೀನು, ಅದಕ್ಕೆ ಅಂಟಿಕೊಂಡೇ ಸರ್ಕಾರ ಕಾಯುವ ಊರಿನ ಹಳೆಯ ಮೆಟ್ಟಿಲ ಕೊಳ. ಪಾಲಿನಲ್ಲಿ ತನಗೆ ಮೋಸವಾಗಿದೆ ಎಂಬ ಗುಮಾನಿ ಅಜ್ಜಿಗೆ ಮೊದಲಿನಿಂದಲೂ ಇತ್ತು. ಈಗ ಕಲ್ಲೇಶಪ್ಪ ಹೊಸ ಮನೆ ಕಟ್ಟಿ, ಅದರ ಕಾಂಪೌಂಡು ತನ್ನ ತೋಟವನ್ನು ನುಂಗಿದೆ ಎಂಬುದು ಹೊಸ ಗುಮಾನಿ. ಅತ್ತಿಗೆಯೂ ಮೈದುನನೂ ಮಾತು ಬಿಟ್ಟು ವರ್ಷಗಳಾಗಿದ್ದವು. ಹೇಳಲೇಬೇಕಾದ ವಿಷಯವಿದ್ದರೆ ಇಬ್ಬರೂ ತಂತಮ್ಮ ದನಕ್ಕೆ ಹೇಳುವ ಹಾಗೆ ಬೇಲಿಯ ಬಳಿ ಗಟ್ಟಿಯಾಗಿ ಹೇಳುತ್ತಿದ್ದರು.

"ಸರ್ಕಾರಿ ಅಳತೆಗೆ ಅರ್ಜಿ ಕೊಡೋಕ್ ಮುಂಚೆ ನಂಗೊಂದ್ಸಲ ಗೊತ್ತಾಗ್ಲಿ," ಎಂದಳು ಅಜ್ಜಿ. ನಾನು ಒಪ್ಪಿಕೊಂಡೆ.

ಅಳೆಯಲು ಹೋದ ಬೆಳಗ್ಗೆ ಮೊದಲ ತೊಂದರೆ ತೆಂಗಿನ ಗರಿಗಳದು. ತೋಟದೊಳಗೆ ಹೋದರೆ ಉಪಗ್ರಹದ ಸಂಕೇತ ಸರಿಯಾಗಿ ಸಿಗುವುದಿಲ್ಲ. ರಸ್ತೆ ಬದಿಯ ಮೊದಲ ಕಲ್ಲೊಂದೇ ಬಯಲಿನಲ್ಲಿತ್ತು. ಅದರ ಜಾಗವನ್ನು ಉಪಗ್ರಹದಿಂದ ಹಿಡಿದುಕೊಂಡೆ. ಉಳಿದದ್ದಕ್ಕೆಲ್ಲ ಟೇಪು ಮತ್ತು ಕಂಪಾಸು.

ಎರಡನೆಯ ತೊಂದರೆ ಅಜ್ಜಿಯೇ. ಕ್ರಮ ಏನೆಂದರೆ, ಕೆಂಪು-ಬಿಳಿ ಕೋಲು ಹಿಡಿದವರು ಮುಂದಿನ ಕಲ್ಲಿಗೆ ಹೋಗಿ ನಿಲ್ಲಬೇಕು. ನಾನು ಈ ಕಲ್ಲಿನಿಂದ ಕೋಲನ್ನು ನೋಡಿ ದಿಕ್ಕು ಓದಬೇಕು. ಅಜ್ಜಿ ಕೋಲು ಇಸಿದುಕೊಂಡವಳು ಮುಂದೆ ಹೋಗಲೇ ಇಲ್ಲ. ಕಲ್ಲಿನ ಮುಂದೆ ಕೂತಳು. ಚೊಂಬಿನ ನೀರಿನಿಂದ ಕಲ್ಲು ತೊಳೆದಳು. ಸೆರಗಿನ ಗಂಟು ಬಿಚ್ಚಿ, ವಿಭೂತಿ ಗಟ್ಟಿ ತೆಗೆದು, ಮೂರು ಬೆರಳಿನಲ್ಲಿ ಎಳೆದಳು. ಹೂವಿಟ್ಟಳು. ಕರ್ಪೂರ ಹುಡುಕತೊಡಗಿದಳು.

"ಅಜ್ಜಿ, ಬಿಸಿಲೇರುತ್ತೆ."

"ಗಡಿ ಕಾಯೋ ಕಲ್ಲು ಕಣವ್ವ. ಒಂದು ಮಾತು ಕೇಳ್ದೆ ಅಳೆಯೋಕಾಯ್ತದಾ?"

ತಾಳ್ಮೆ ಎಂಬ ವಸ್ತು ನನ್ನ ಹತ್ತಿರ ಹುಟ್ಟಿದಾಗಿನಿಂದಲೂ ಇಲ್ಲ. ಕೋಲನ್ನೂ ಟೇಪಿನ ತುದಿಯನ್ನೂ ಅಜ್ಜಿಯ ಬಳಿಯೇ ಬಿಟ್ಟು, ಕಣ್ಣಿಗೆ ಹೊಡೆಯುವ ಎಳೆಬಿಸಿಲಿನಲ್ಲಿ ನಾನೇ ಟೇಪು ಬಿಡುತ್ತ ಮುಂದಿನ ಕಲ್ಲಿಗೆ ನಡೆದೆ. ಅಲ್ಲಿಂದ ಹಿಂದಕ್ಕೆ ತಿರುಗಿ, ಅಜ್ಜಿಯ ಕೋಲು ನೋಡಿ ದಿಕ್ಕು ಓದಿಕೊಂಡೆ. ಐದೂ ಕಲ್ಲಿಗೆ ಐದು ಪೂಜೆ. ಐದು ಸಲವೂ ನಾನು ಮುಂದೆ ಹೋಗಿ ಹಿಂದಕ್ಕೆ ನೋಡಿದೆ. ಹಿಂದಕ್ಕೆ ಓದಿದ ದಿಕ್ಕಿಗೆ ನೂರ ಎಂಬತ್ತು ಡಿಗ್ರಿ ಸೇರಿಸಿದರೆ ಮುಂದಿನ ದಿಕ್ಕು ಸಿಗುತ್ತದೆ. ಆಫೀಸಿಗೆ ಹೋಗಿ ಸೇರಿಸಿಕೊಂಡರಾಯಿತು ಎಂದುಕೊಂಡೆ. ಈ ಮಾತನ್ನು ನೀವು ನೆನಪಿಟ್ಟುಕೊಳ್ಳಿ, ಯಾಕೆಂದರೆ ನಾನು ಇಟ್ಟುಕೊಳ್ಳಲಿಲ್ಲ.

ಹಾಗೆ ಕೂಡಿದ ನಕ್ಷೆ ಅದು. ಕುಣಿದು ಸುಸ್ತಾದ ಮೇಲೆ ಅದರ ಫೈಲನ್ನು ಅಜ್ಜಿಯ ಫೋನಿಗೆ ಕಳಿಸಿದೆ. ಮುಟ್ಟಿದರೆ ಸಾಕು, ಆಕಾಶದಿಂದ ತೆಗೆದ ಊರಿನ ಚಿತ್ರದ ಮೇಲೆ ಕೆಂಪು ಗೆರೆ ಮೂಡುತ್ತದೆ, ಪಕ್ಕದಲ್ಲಿ 'ಅಳತೆ: ಇಂದು' ಎಂದು ನನ್ನ ಹೆಸರು ಕಾಣುತ್ತದೆ.

ಮರುದಿನ ಬೆಳಗ್ಗೆ ಆಫೀಸು ತೆರೆಯುವುದಕ್ಕೂ ಅಜ್ಜಿಯ ಫೋನು ಬರುವುದಕ್ಕೂ ಸರಿಹೋಯಿತು.

"ಮಗಾ! ನಿನ್ನ ಹೊಟ್ಟೆ ತಣ್ಣಗಿರ್ಲಿ!"

"ನಕ್ಷೆ ನೋಡಿದ್ರಾ ಅಜ್ಜಿ?"

"ರಾತ್ರಿಯಿಂದ ಅದನ್ನೇ ನೋಡ್ತಾ ಇವ್ನಿ. ಕೆಂಪು ಗೆರೆ ಎಷ್ಟು ಚೆಂದಾಗೈತೆ ಅಂತೀಯಾ! ಹಾಲು ನಂದು, ದೇವ್ರಮನೆ ನಂದು, ಅಡುಗೆಮನೆ ಅರ್ಧ ನಂದು. ಅರ್ಧ ಇಟ್ಕಂಡು ಏನ್ಮಾಡ್ಲಿ, ಪೂರ್ತಿ ತಗತೀನಿ. ಕೊಳದ ಎರಡು ಮೆಟ್ಲೂ ನಂಗೇ ಬಂದವೆ. ಹೋಗ್ಲಿ, ಅದನ್ನ ಸರ್ಕಾರಕ್ಕೇ ಬಿಡ್ತೀನಿ."

ನನಗೆ ಏನೂ ಅರ್ಥವಾಗಲಿಲ್ಲ. "ಯಾವ ಹಾಲು ಅಜ್ಜಿ?"

"ಕಲ್ಲೇಶನ ಹೊಸ ಮನೇದು ಕಣವ್ವ! ಇವತ್ತು ಗೃಹಪ್ರವೇಶ ಮಡಗವ್ನೆ, ನನ್ನ ಕರೀದಂಗೆ. ಕರೆಯೋದೇನು ಬಂತು, ನನ್ನ ಮನೇಗೆ ನಾನು ಹೋಗ್ತೀನಿ. ಹಳೇಬೀಡಲ್ಲಿ ದೊಡ್ಡ ಪ್ರಿಂಟ್ ತೆಗೆಸ್ಕಂಡೆ. ನಿನ್ನ ಹೆಸ್ರೂ ಐತೆ ಅದ್ರಲ್ಲಿ. ಎಲ್ಲಾರ್ಗೂ ತೋರಿಸ್ತೀನಿ."

"ಅಜ್ಜಿ, ಆ ಮನೆ ಕಡೆಗೆ ನಾವು ಹೋಗೇ ಇಲ್ವಲ್ಲ!"

"ನಾವು ಹೋಗ್ಲಿಲ್ಲ, ಕಂಪ್ಯೂಟ್ರು ಹೋಯ್ತು. ನಾನು ಆವತ್ತೇ ಬಡ್ಕಂಡೆ, ನನ್ನ ಪಾಲು ಅತ್ತಗಡೆ ಐತೆ ಅಂತ. ಇತ್ತಗಡೆ ತೋಟ ಹೆಂಗೂ ನನ್ನ ಕೈಲೈತೆ, ಅದೂ ಇರ್ಲಿ." ಫೋನು ಇಟ್ಟೇಬಿಟ್ಟಳು.

ಕಂಪ್ಯೂಟರು ಹಚ್ಚಿದೆ. ಬಿಳಿ ಹಾಳೆಯ ಮೇಲೆ ಗೆರೆ ಕೂಡಿದ್ದಕ್ಕೇ ಕುಣಿದವಳು ನಾನು. ಅದರ ಕೆಳಗೆ ಉಪಗ್ರಹದ ಚಿತ್ರ ಹಾಸಿ ನೋಡಿರಲಿಲ್ಲ. ಈಗ ಹಾಸಿದೆ. ಬಸಮ್ಮಜ್ಜಿಯ ತೋಟ ರಸ್ತೆ ಬದಿಯ ಕಲ್ಲನ್ನು ದಾಟಿ, ಆಚೆಗೆ ಮಗುಚಿಕೊಂಡು, ಕಲ್ಲೇಶಪ್ಪನ ಮನೆಯ ಮೇಲೆ ಹಾಯಾಗಿ ಮಲಗಿತ್ತು.

ಮೊದಲ ಗೆರೆಯ ದಿಕ್ಕು ನೋಡಿದೆ. ಪಶ್ಚಿಮ. ಎಳೆಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎಂದರೆ ನಾನು ನಡೆದದ್ದು ಪೂರ್ವಕ್ಕೆ. ನೂರ ಎಂಬತ್ತು ಸೇರಿಸುವುದನ್ನು ಮರೆತಿದ್ದೆ. ಒಂದು ಗೆರೆಗೆ ಮರೆತಿದ್ದರೆ ಸುತ್ತು ಕೂಡುತ್ತಿರಲಿಲ್ಲ, ಕಂಪ್ಯೂಟರು ಹಿಡಿದು ಬೈಯುತ್ತಿತ್ತು. ಐದಕ್ಕೂ ಮರೆತಿದ್ದರಿಂದ ಇಡೀ ತೋಟ ಕಲ್ಲಿನ ಸುತ್ತ ಅರ್ಧ ಸುತ್ತು ತಿರುಗಿ, ಆಕಾರ ಕೆಡದೆ, ವಿಸ್ತೀರ್ಣ ಕೆಡದೆ, ಆಚೆ ಕಡೆಗೆ ಹೋಗಿ ಕೂತಿತ್ತು. ತಪ್ಪನ್ನೂ ಅಷ್ಟು ಶಿಸ್ತಾಗಿ ಮಾಡಿದ್ದೆ.

ಅಪ್ಪ ಬಂದು ಹಿಂದೆ ನಿಂತಿದ್ದರು. ಪರದೆ ನೋಡಿದರು. "ನೂರ ಎಂಬತ್ತು," ಎಂದರು, ಅಷ್ಟೇ.

"ಅಪ್ಪಾ, ಮರ್ಯಾದೆ ಹೋಯ್ತು. ನಂದೂ ಹೋಯ್ತು, ನಿಮ್ದೂ ಹೋಯ್ತು."

"ನಂದು ಅಷ್ಟು ಸುಲಭಕ್ಕೆ ಹೋಗಲ್ಲ, ನೀನು ನಿಂದು ನೋಡ್ಕೋ. ಹೋಗು. ಎಲ್ಲರ ಎದುರಿಗೇ ತಪ್ಪಾಯ್ತು ಅಂತ ಹೇಳು. ತಪ್ಪು ಒಪ್ಪಿಕೊಂಡ ಹುಡುಗರಿಗೆ ನಾನು ಯಾವತ್ತೂ ಹೊಡೆದಿಲ್ಲ."

"ಒಪ್ಪದವರಿಗೆ?"

"ಅವರಿಗೂ ಹೊಡೆದಿಲ್ಲ. ಆದರೆ ಅದು ಅವರಿಗೆ ಗೊತ್ತಿರ್ಲಿಲ್ಲ."

ಅಳಬೇಕಾದವಳು ನಕ್ಕುಬಿಟ್ಟೆ. ಸರಿಪಡಿಸಿದ ಫೈಲು ಕಳಿಸಿದೆ, ಅಜ್ಜಿ ನೋಡಲಿಲ್ಲ. ಫೋನು ಮಾಡಿದೆ, ಎತ್ತಲಿಲ್ಲ. ಸ್ಕೂಟರು ಹತ್ತಿದೆ. ಬಾಣಾವರ, ಜಾವಗಲ್ ಎಲ್ಲ ಹೇಗೆ ಹಿಂದೆ ಹೋದವೋ ತಿಳಿಯದು. ಆಮೇಲೆ ಮುಂದೆ ಒಂದು ತೆಂಗಿನಕಾಯಿ ಟೆಂಪೊ. ಪಕ್ಕಕ್ಕೆ ಸರಿಯಲು ಒಲ್ಲದು. ಅದರ ಡ್ರೈವರನಿಗೆ ನಾನು ಕೂಗಿ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಒಂದು ಕಡೆ ಹೆದರಿಕೆ; ಇನ್ನೊಂದು ಕಡೆ, ಕೊಳದ ಎರಡು ಮೆಟ್ಟಿಲನ್ನು ಸರ್ಕಾರಕ್ಕೆ ದಾನ ಕೊಡುವ ಅಜ್ಜಿ ಕಣ್ಣಮುಂದೆ ಬಂದು ಹೆಲ್ಮೆಟ್ಟಿನೊಳಗೇ ನಗು.

ಕಲ್ಲೇಶಪ್ಪನ ಮನೆಯ ಮುಂದೆ ಶಾಮಿಯಾನ, ಬಾಳೆಕಂಬ. ಹೊಸ್ತಿಲ ಹತ್ತಿರ ನನ್ನ ಕಾಲು ಒಂದು ಕ್ಷಣ ತಡೆಯಿತು. ಇಂಥ ಮನೆಗಳು ನಮ್ಮ ತಾತನಿಗೆ ಗೊತ್ತಿದ್ದದ್ದು ಹೊರಗಿನಿಂದ ಮಾತ್ರ. ತಾತನ ಕಾಲು ಅಲ್ಲ ಇದು, ನನ್ನದು ಎಂದುಕೊಂಡು ದಾಟಿದೆ.

ಹಾಲಿನ ನಟ್ಟನಡುವೆ, ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆಯದ ಹೊಸ ಸೋಫಾದ ಮೇಲೆ ಬಸಮ್ಮಜ್ಜಿ ಕಾಲು ಮಡಚಿ ಕೂತಿದ್ದಳು. ಮುಂದಿನ ಟೀಪಾಯಿಯ ಮೇಲೆ ಪ್ರಿಂಟು ಹರಡಿತ್ತು. ಜನ ಸುತ್ತ ಬಗ್ಗಿ ನೋಡುತ್ತಿದ್ದರು. ಉಡುಗೊರೆ ತಂದವರಿಗೆ ಯಾರ ಕೈಗೆ ಕೊಡಬೇಕೆಂದೇ ತಿಳಿಯುತ್ತಿರಲಿಲ್ಲ; ಲಕ್ಕಪ್ಪ ಎಂಬವರು ತಂದಿದ್ದ ಗೋಡೆ ಗಡಿಯಾರವನ್ನು 'ನಂಗೇ ಕೊಡಪ್ಪ' ಎಂದು ಅಜ್ಜಿ ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡಿದ್ದಳು. ರೇಷ್ಮೆ ಪಂಚೆ ಉಟ್ಟ ಕಲ್ಲೇಶಪ್ಪ ತಮ್ಮ ಮನೆಯಲ್ಲಿ ತಾವೇ ನೆಂಟರ ಹಾಗೆ ಒಂದು ಮೂಲೆಯಲ್ಲಿ ನಿಂತು ಬೆವರುತ್ತಿದ್ದರು.

"ಒಲೆ ಆ ಮೂಲೇಲಿ ಬ್ಯಾಡ," ಎಂದು ಅಜ್ಜಿ ಗಾಳಿಗೆ ಹೇಳುತ್ತಿದ್ದಳು. ಮೈದುನನಿಗೆ ನೇರವಾಗಿ ಹೇಳುವ ಹಾಗಿಲ್ಲವಲ್ಲ. "ಎಮ್ಮೆ ಕಟ್ಟೋಕೆ ಈ ಹಾಲು ಒಸಿ ದೊಡ್ಡದಾಯ್ತು. ಇರ್ಲಿ." ಅಷ್ಟರಲ್ಲಿ ನನ್ನನ್ನು ಕಂಡಳು. "ಬಂದ್ಳು ನೋಡ್ರಪ್ಪ! ಇವಳೇ!"

ಎಲ್ಲರೂ ನನ್ನತ್ತ ತಿರುಗಿದರು. ಕಾಂತಮ್ಮ ಎಂಬ ದಪ್ಪ ಜರತಾರಿಯ ಹೆಂಗಸು ಕೇಳಿಯೇ ಬಿಟ್ಟರು: "ಯಾರ ಮಗಳೇ ನೀನು?"

"ಮೊದ್ಲು ನಕ್ಷೆ ಹೇಳ್ಲಿ, ಆಮೇಕೆ ಮಗಳ ಇಚಾರ," ಎಂದು ಅಜ್ಜಿ ಗದರಿದಳು.

ನಾನು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ: "ಆ ನಕ್ಷೆ ತಪ್ಪು. ತಪ್ಪು ಮಾಡಿದ್ದು ಕಂಪ್ಯೂಟರಲ್ಲ, ನಾನು. ಅಜ್ಜಿ ತೋಟ ಎಲ್ಲಿದೆಯೋ ಅಲ್ಲೇ ಇದೆ. ಈ ಮನೆ ಕಲ್ಲೇಶಪ್ಪನವರದು."

ಗುಸುಗುಸು ಎದ್ದಿತು. 'ಕಾಸು ಕೊಟ್ಟು ಬಾಯಿ ಮುಚ್ಚಿಸವ್ರೆ' ಎಂದು ಯಾರೋ ಅಂದರು. 'ಇಂಥವರ ಕೈಗೆ ಕೊಟ್ರೆ ಹಿಂಗೇ' ಎಂದು ಇನ್ಯಾರೋ. ಎರಡನೆಯ ಮಾತು ಎಲ್ಲಿಂದ ಬಂತೆಂದು ನೋಡಿದೆ. ಯಾರೂ ನನ್ನ ಕಣ್ಣು ನೋಡಲಿಲ್ಲ. ಅಜ್ಜಿಯ ಮುಖ ಮಾತ್ರ ಬಾಡಿಹೋಗಿತ್ತು. ಅದನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು.

ಊಟಕ್ಕೆ ತಂದಿಟ್ಟ ಬಾಳೆ ಎಲೆಗಳು ಬಾಗಿಲ ಬಳಿ ಇದ್ದವು. ಅಜ್ಜಿಯ ತೋಟವೂ ಎಲೆಯ ಕುಡಿಯ ಹಾಗೆಯೇ: ರಸ್ತೆಯ ಕಲ್ಲಿನ ಹತ್ತಿರ ಚೂಪು, ಹೋಗುತ್ತ ಹೋಗುತ್ತ ಅಗಲ. ಒಂದು ಕುಡಿ ತೆಗೆದು, ಪ್ರಿಂಟಿನ ಕೆಂಪು ಗೆರೆಗೆ ಸರಿಯಾಗಿ ಹರಿದು, ಮನೆಯ ಚಿತ್ರದ ಮೇಲೆ ಇಟ್ಟೆ.

"ಅಜ್ಜಿ, ಮೊದಲ್ನೇ ಕಲ್ಲಿಗೆ ವಿಭೂತಿ ಹಚ್ಚಿದ್ರಲ್ಲ, ಅದು ಇಲ್ಲಿದೆ. ಚೂಪು ತುದಿ ಮೇಲೆ ಬೆರಳಿಟ್ಟು ಒತ್ತಿ. ಬಿಡ್ಬೇಡಿ."

ಅಜ್ಜಿ ಬೆರಳಿಟ್ಟಳು.

"ನೀವು ಪೂಜೆ ಮಾಡ್ತಾ ಹಿಂದೆ ಉಳಿದ್ರಿ. ನಾನು ಮುಂದೆ ಹೋಗಿ ಹಿಂದಕ್ಕೆ ನೋಡಿ ಬರ್ಕೊಂಡೆ. ಪೂರ್ವಕ್ಕೆ ಹೋದದ್ದು ಪಶ್ಚಿಮಕ್ಕೆ ಅಂತಾಯ್ತು. ಐದು ಸಲವೂ ಹೀಗೇ ಉಲ್ಟಾ. ಈಗ ನೋಡಿ." ಎಲೆಯ ಅಗಲದ ಕಡೆ ಹಿಡಿದು ಅರ್ಧ ಸುತ್ತು ತಿರುಗಿಸಿದೆ. ಎಲೆ ಹಾಲು ಬಿಟ್ಟು, ದೇವರಮನೆ ಬಿಟ್ಟು, ಕೊಳದ ಮೆಟ್ಟಿಲು ಬಿಟ್ಟು, ಕಲ್ಲು ದಾಟಿ ಹೋಗಿ ತೆಂಗಿನ ಮರಗಳ ಚಿತ್ರದ ಮೇಲೆ ಕೂತಿತು. ಸುತ್ತಲಿನ ಅಂಚು ಅಂಚಿಗೆ ಸರಿಹೊಂದಿತು.

ಅಜ್ಜಿ ಬೆರಳು ತೆಗೆಯದೆ ಕೇಳಿದಳು: "ಕಾಂಪೌಂಡು?"

"ತೋಟ ಅಳೆದ ದಿನವೇ ಗಡಿಯಿಂದ ಟೇಪು ಹಿಡಿದು ಅದನ್ನೂ ನೋಡಿದೀನಿ. ನಿಮ್ಮ ತೋಟದೊಳಗೆ ಬಂದಿಲ್ಲ. ಗಡಿಯಿಂದ ಒಂದು ಮಾರು ಆಚೆಗಿದೆ."

"ಆಚೆಗಾ? ತನ್ನ ಜಾಗ ಬಿಟ್ಟು ಯಾರಾದ್ರೂ ಗೋಡೆ ಕಟ್ತಾರಾ?" ಎಂದು ಅಜ್ಜಿ ಗಾಳಿಯನ್ನು ಕೇಳಿದಳು.

ಗಾಳಿ ಉತ್ತರ ಕೊಡಲಿಲ್ಲ. ಕಲ್ಲೇಶಪ್ಪ ಮೂಲೆಯಿಂದ ಬಂದು ಸೋಫಾದ ಮುಂದೆ ನಿಂತರು. "ಗಡಿ ಸಾಲಿನ ತೆಂಗಿನ ಮರ ಅಣ್ಣ ನೆಟ್ಟಿದ್ದು, ಅತ್ಗೆ. ಕಾಯಿ ಬಿದ್ರೆ ನೀವು ಆರಿಸ್ಕಳಕ್ಕೆ ಜಾಗ ಇರ್ಲಿ ಅಂತ ಬಿಟ್ಟೆ. ಹೇಳಾನ ಅಂದ್ರೆ ನೀವು ಮಾತಾಡ್ತಿರ್ಲಿಲ್ಲ. ಕರೆಯಾಕೂ ಬಂದಿದ್ದೆ, ನನ್ನ ಕಂಡು ನೀವು ಬಾಗ್ಲು ಹಾಕ್ಕಂಡ್ರಿ."

ಅಜ್ಜಿ ಇನ್ನೊಂದು ಕೈಯಿಂದ ಮೆಲ್ಲಗೆ ಎಲೆಯನ್ನು ತಿರುಗಿಸಿದಳು. ಎಲೆ ಮನೆಯ ಮೇಲೆ ಬಂತು. "ಈಗ ನಂದು," ಎಂದಳು. ಮತ್ತೆ ತಿರುಗಿಸಿದಳು. "ಈಗ ನಿಂದು." ಮತ್ತೊಮ್ಮೆ. "ನಂದು." ಅವಳ ಹೊಟ್ಟೆ ಕುಲುಕತೊಡಗಿತು, ತೊಡೆಯ ಮೇಲಿನ ಗಡಿಯಾರವೂ ಕುಲುಕಿತು. ಕಲ್ಲೇಶಪ್ಪ ಬಗ್ಗಿ ತಾವೂ ಒಂದು ಸಲ ತಿರುಗಿಸಿದರು. "ನಂದು," ಎಂದರು. ಅಷ್ಟೇ ಸಾಕಾಯಿತು. ಅತ್ತಿಗೆ ಮೈದುನ ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು, ಅವರನ್ನು ನೋಡಿ ಹಾಲಿಗೆ ಹಾಲೇ ನಕ್ಕಿತು. ಜನ ಸರದಿಯಲ್ಲಿ ಬಂದು ತಿರುಗಿಸಿದರು. ಎಲೆ ಸವೆದು ಹರಿದುಹೋಯಿತು.

"ತಗಳಪ್ಪ, ನಿನ್ನ ಗಡಿಯಾರ," ಎಂದು ಅಜ್ಜಿ ಎದ್ದಳು. "ಕರೀದಂಗೆ ಬಂದು ಕೂತ್ಬುಟ್ಟೆ. ಹೊಂಡ್ತೀನಿ."

"ಊಟ ಮಾಡ್ದೆ ಯಾರೂ ಹೊಂಡಂಗಿಲ್ಲ," ಎಂದರು ಕಲ್ಲೇಶಪ್ಪ.

ಪಂಕ್ತಿಯಲ್ಲಿ ಅಜ್ಜಿ ನನ್ನ ಕೈ ಹಿಡಿದೆಳೆದು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ಹೋಳಿಗೆ ಬಂತು. ಎದುರು ಸಾಲಿನಲ್ಲಿದ್ದ ಕಾಂತಮ್ಮನವರಿಗೆ ಇನ್ನೂ ಸಮಾಧಾನವಾಗಿರಲಿಲ್ಲ. "ಅಲ್ಲಾ, ಈ ಹುಡುಗಿ ಯಾರ ಮಗಳು ಅಂತ ಯಾರೂ ಹೇಳ್ಲೇ ಇಲ್ವಲ್ಲ," ಎಂದರು.

ನಾನು ತಲೆ ಎತ್ತಿದೆ. ಅಜ್ಜಿ ನನಗಿಂತ ಮೊದಲು, ಬೇಲಿಯ ಬಳಿ ದನಕ್ಕೆ ಹೇಳುತ್ತಿದ್ದ ಅದೇ ಗಟ್ಟಿ ದನಿಯಲ್ಲಿ ಹೇಳಿದಳು:

"ಹಾರನಹಳ್ಳಿ ದ್ಯಾವಯ್ಯ ಮೇಷ್ಟ್ರ ಮಗಳು. ಇಂದು ಅಂತ. ನನ್ನ ತೋಟ ಅಳೆದೋಳು. ನೂರು ಜನದ ಮುಂದೆ ತಪ್ಪು ನಂದು ಅಂದ್ಳಲ್ಲ, ಅವಳು."

ಹೇಳಿ, ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೊಂದೇ ಮುಖ ನೋಡಿದಳು. ಪಂಕ್ತಿ ಬಿಟ್ಟು ಯಾರೂ ಏಳಲಿಲ್ಲ. ಕಲ್ಲೇಶಪ್ಪ ತುಪ್ಪದ ಗಿಂಡಿ ತಂದು ಮೊದಲು ನನ್ನ ಹೋಳಿಗೆಯ ಮೇಲೆ ಬಗ್ಗಿಸಿದರು.

ಆಗ ಗಡಿಯಾರದ ಲಕ್ಕಪ್ಪ ಕೊನೆಯ ಎಲೆಯಿಂದ ಕೂಗಿದರು: "ಮೇಷ್ಟ್ರ ಮಗಳೇ, ನಮ್ಮ ಹೊಲಾನೂ ಒಸಿ ತಿರುಗಿಸ್ಕೊಡವ್ವ! ರಸ್ತೆ ಕಡೀಗೆ ಬರಂಗೆ!"

"ತಿರುಗಿಸಲ್ಲ. ಎಲ್ಲಿದೆಯೋ ಅಲ್ಲೇ ಅಳೆದುಕೊಡ್ತೀನಿ," ಎಂದೆ.

"ಹಂಗೇ ಆಗ್ಲಿ. ಯಾವತ್ತು ಬತ್ತೀಯಾ?"

ನಾಳೆಯೇ ಎಂದು ಹೇಳಬೇಕಿತ್ತು. ಬಾಯಿ ತುಂಬ ಹೋಳಿಗೆ ಇತ್ತು. ನನ್ನ ಬದಲು ಬಸಮ್ಮಜ್ಜಿಯೇ ಹೇಳಿದಳು: "ನಾಳೆ ಬತ್ತಾಳೆ. ಇಭೂತಿ ಹಚ್ಚೋರು ಬೆಳಗಾಗೋಕ್ ಮುಂಚೆ ಹೋಗಿ ಹಚ್ಚಿ ಮುಗಿಸ್ಬುಡ್ರಿ."